ಕಟ್ಟಿದ ನಾಯಿಯ ಅನ್ನ

“ಹಸಿದ ನಾಯಿಗೆ ಹಳಸಿದ ಅನ್ನ” ಎಂಬ ಗಾದೆಯು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಅದನ್ನು ಆಡುವವರು ನಾಯಿಯನ್ನು ಮನಸ್ಸಿನಲ್ಲಿಟ್ಟು ಆಡುವುದು ಕಡಿಮೆ. ಒಬ್ಬನಿಗೆ ಬೇಡವಾದುದು ಇನ್ನೊಬ್ಬನ ಕೊರತೆಗೆ ಸರಿಹೋಯಿತೆಂದು ಮನುಷ್ಯರ ವಿಷಯವಾಗಿಯೇ ಆಡುತ್ತಾರೆ. ಆದರೆ ಗಾದೆಯು ನಗುನಗುತ್ತ ಒಂದು ನ್ಯಾಯವನ್ನು ತೀರ್ಮಾನಿಸಿಬಿಟ್ಟಿದೆ. ಹಸಿವೆಯುಳ್ಳವನಿಗೆ ಅನ್ನದ ಗುಣವನ್ನು ವಿಚಾರಿಸುವ ಅಧಿಕಾರವಿಲ್ಲವೆಂಬುದೇ ಆ ನ್ಯಾಯ. ಇದು ಸರಿಯೋ ಎಂದು ನಾವು ಕೇಳುವುದೇ ಇಲ್ಲ, ಏಕೆಂದರೆ ಕೇಳಬೇಕಾದ ಕಕ್ಷಿಗೆ ಮಾತು ಬಾರದು.

ಈ ಗಾದೆಗೆ ನೇರ ವಿರುದ್ಧವಾದ ಒಂದು ವಸ್ತುವು ಈಗ ಪೇಟೆಗೆ ಬಂದಿದೆ. ಕೋಳಿಯ ಮಾಂಸ, ಅದರ ಯಕೃತ್ತು, ಕ್ಯಾರೆಟ್, ಬಟಾಣಿ, ಅಕ್ಕಿ ಮುಂತಾದವನ್ನು ಹದವಾಗಿ ಬೇಯಿಸಿ, ಪೊಟ್ಟಣದಲ್ಲಿ ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಮಾರುವ ನಾಯಿಯ ಆಹಾರವದು. ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ಫ್ರೆಶ್‌ಪೆಟ್ ಎಂಬ ಸಂಸ್ಥೆಯು ಅಂಗಡಿಗಳಲ್ಲಿ ನಾಯಿಯ ಆಹಾರಕ್ಕೆಂದೇ ಫ್ರಿಜ್ಜುಗಳನ್ನು ಇರಿಸಿ ಈ ವ್ಯಾಪಾರವನ್ನು ಬೆಳೆಸಿತು. ನಮ್ಮ ದೇಶದ ದೊಡ್ಡ ನಗರಗಳಲ್ಲಿಯೂ ಇಂತಹ ಆಹಾರವು ಈಗ ಮನೆಬಾಗಿಲಿಗೆ ಬರುತ್ತದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಬ್ಬಕ್ಕೆಂದು ಪುತ್ತೂರಿಗೋ ಸುಳ್ಯಕ್ಕೋ ಕಡಬಕ್ಕೋ ಬರುವಾಗ ತಮ್ಮ ನಾಯಿಯನ್ನೂ ಅದರ ಪೊಟ್ಟಣವನ್ನೂ ಕಾರಿನಲ್ಲಿ ತರುವುದುಂಟು. ಊರಮನೆಯ ಅಜ್ಜಿಯು ಅಂಗಳದ ತುದಿಯಲ್ಲಿ ಕಟ್ಟಿದ ನಾಯಿಗೆ ಮಧ್ಯಾಹ್ನದ ಅನ್ನಕ್ಕೆ ಉಳಿದ ಸಾರನ್ನು ಕಲಸಿ ಹಾಕುವರು. ಒಂದೇ ಅಂಗಳ, ಎರಡು ನಾಯಿ, ಎರಡು ಬಗೆಯ ಊಟ! ಒಬ್ಬರ ಕಣ್ಣಿಗೆ ಇನ್ನೊಬ್ಬರದು ಅನ್ಯಾಯವಾಗಿ ಕಾಣುತ್ತದೆ. ಅಜ್ಜಿಗೆ ಅದು ದುಂದು. ಮೊಮ್ಮಗಳಿಗೆ ಇದು ನಿರ್ದಯೆ. ಇವರಲ್ಲಿ ಯಾರ ಪಕ್ಷವು ಧರ್ಮಕ್ಕೆ ಹತ್ತಿರ?

ಸಾಹಿತ್ಯಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಇದು ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಅವರಿಗೆ ಮಹಾಭಾರತವನ್ನು ನೆನಪಿಸಿದರೆ ಸಾಕು. ಆ ಗ್ರಂಥದ ಆದಿಪರ್ವದ ಆರಂಭಭಾಗದಲ್ಲಿಯೇ ಒಂದು ನಾಯಿಯ ದೂರು ಇದೆ. ಜನಮೇಜಯನ ಸತ್ರದ ಬಳಿಗೆ ಬಂದ ಸರಮೆಯ ಮಗನನ್ನು ಅರಸನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಪ್ಪಿಲ್ಲದವನನ್ನು ಏಕೆ ಹೊಡೆದಿರಿ ಎಂದು ತಾಯಿ ಬಂದು ಕೇಳಿದಾಗ ಅವರು ಉತ್ತರ ಕೊಡಲಾರದೆ ಹೋದರು. ಕಾಣದ ಭಯವೊಂದು ನಿಮಗೆ ಬರಲೆಂದು ಆಕೆ ನುಡಿದುಹೋದಳು. ಕೊನೆಯ ಭಾಗದಲ್ಲಿ, ಮಹಾಪ್ರಸ್ಥಾನದಲ್ಲಿ, ನಾಯಿಯನ್ನು ಬಿಟ್ಟು ರಥವನ್ನೇರೆಂದು ಇಂದ್ರನು ಹೇಳಿದಾಗ ಧರ್ಮರಾಯನು ಒಪ್ಪಲಿಲ್ಲ. ಅಲ್ಲಿ ಅವನು ಹೂಡಿದ ವಾದವು ಗಮನಾರ್ಹವಾದುದು. ನಾಯಿಯು ಪವಿತ್ರವೆಂದು ಅವನು ಹೇಳಲಿಲ್ಲ, ಅದರ ಮೇಲೆ ತನಗೆ ಮೋಹವೆಂದೂ ಹೇಳಲಿಲ್ಲ. ತನ್ನನ್ನು ನಂಬಿ ಬಂದುದನ್ನು ಬಿಡುವುದು ಪಾಪವೆಂದಷ್ಟೇ ಹೇಳಿದನು. ನಂಬಿಕೆಯಿಂದ ಹುಟ್ಟಿದ ಋಣವೆಂದರೆ ಇದೇ. ನಮ್ಮ ಪ್ರಶ್ನೆಗೂ ಇದೇ ಬುಡವೆಂದು ನನ್ನ ಅಭಿಪ್ರಾಯ.

ನಮ್ಮ ಈ ಮೂರು ತಾಲೂಕುಗಳ ನಾಯಿಯ ಬಾಳು ಹೇಗಿದ್ದಿತೆಂಬುದನ್ನು ಮೊದಲು ನೋಡೋಣ. ಇಲ್ಲಿ ಮನೆಗಳು ಒತ್ತಾಗಿ ಇರುವುದಿಲ್ಲ. ಅಡಿಕೆ ತೋಟದ ಮೇಲಂಚಿನಲ್ಲಿ ಒಂದು ಮನೆ, ಹಟ್ಟಿ, ಅಂಗಳ. ಅಲ್ಲಿಂದ ಕೂಗಳತೆಯಲ್ಲಿ ಇನ್ನೊಂದು. ರಾತ್ರಿ ಕಾಡುಹಂದಿ, ಹಗಲು ಮಂಗ, ಅಂಗಳದಲ್ಲಿ ಒಣಗುವ ಅಡಿಕೆ: ಇಷ್ಟಿರುವಲ್ಲಿ ನಾಯಿಯಿಲ್ಲದ ಮನೆಯನ್ನು ಹುಡುಕಬೇಕು. ಅದರ ಊಟವೆಂದರೆ ಕುಚ್ಚಲಕ್ಕಿಯ ಅನ್ನ ಅಥವಾ ಗಂಜಿ. ಅದಕ್ಕೆ ಸಸ್ಯಾಹಾರಿಗಳ ಮನೆಯಲ್ಲಿ ಮಜ್ಜಿಗೆ ಸೇರುವುದು, ಉಳಿದವರಲ್ಲಿ ಮೀನಿನ ತಲೆ, ಮುಳ್ಳು, ಸಾರಿನ ಗಸಿ. ಹಾಗೆಂದು ನಾಯಿಯು ಇದರಿಂದಲೇ ಬದುಕಿತೆನ್ನಲಾಗದು. ಅದು ತೋಟವೆಲ್ಲ ತಿರುಗಿ ಇಲಿ, ಹೆಗ್ಗಣ, ಓತಿಗಳನ್ನು ಹಿಡಿಯುತ್ತಿದ್ದಿತು. ನೆರೆಮನೆಯ ಹಿತ್ತಿಲಿಗೂ ಹೋಗಿಬರುತ್ತಿದ್ದಿತು. ಮನೆಯವರು ಹಾಕಿದ ಅನ್ನವು ಹೊಟ್ಟೆ ತುಂಬಿಸಿದರೆ, ಅನ್ನದಲ್ಲಿಲ್ಲದುದನ್ನು ಅದು ತಾನೇ ಸಂಪಾದಿಸಿಕೊಳ್ಳುತ್ತಿದ್ದಿತು.

ಅನ್ನವು ನಾಯಿಯ ಜಾತಿಗೆ ಒಗ್ಗದ ವಸ್ತುವೆಂದು ಈಗ ಕೆಲವರು ಹೇಳುವುದು ಸರಿಯಲ್ಲ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪಿಷ್ಟವನ್ನು ಜೀರ್ಣಿಸುವ ರಸವನ್ನು ಉಂಟುಮಾಡುವ ಒಂದು ಜೀನ್ ತೋಳದಲ್ಲಿ ಎರಡು ಪ್ರತಿಗಳಿದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುತ್ತದೆ. ಎಂದರೆ, ಮನುಷ್ಯನು ಬೇಸಾಯಮಾಡಿ ಧಾನ್ಯವನ್ನುಣ್ಣತೊಡಗಿದ ಮೇಲೆ ಅವನ ಉಳಿಕೆಯನ್ನುಂಡು ಉಂಡು ನಾಯಿಯ ಮೈಯೇ ಬದಲಾಯಿತು. ಸಾವಿರಾರು ವರ್ಷ ನಮ್ಮ ಎಂಜಲೇ ಅದನ್ನು ರೂಪಿಸಿದೆ. ಅಜ್ಜಿಯ ಪಕ್ಷಕ್ಕೆ ಇಷ್ಟು ಬಲವುಂಟು.

ಆದರೆ ಈಗ ನಾಯಿಯನ್ನು ಕಟ್ಟಿದ್ದೇವೆ. ಮಾಣಿಯಿಂದ ಪುತ್ತೂರು ಸುಳ್ಯಗಳ ಮೇಲೆ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಬಿಟ್ಟ ನಾಯಿಯ ಆಯುಸ್ಸು ಎಷ್ಟೆಂಬುದನ್ನು ರಸ್ತೆಯ ಬದಿಯವರು ಬಲ್ಲರು. ಕಾಡಂಚಿನ ಊರುಗಳಲ್ಲಿ ಚಿರತೆಯ ಭಯ. ನೆರೆಯವರ ದೂರು ಬೇರೆ. ಹೀಗಾಗಿ ಹಗಲೆಲ್ಲ ಸರಪಣಿ ಇಲ್ಲವೆ ಗೂಡು. ಎಷ್ಟೋ ಕಡೆ ರಾತ್ರಿಯೂ ಬಿಡುವುದಿಲ್ಲ. ಅದಕ್ಕೆ ತಕ್ಕ ಕಾರಣಗಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸರಪಣಿಯನ್ನು ಹಾಕಿದ ಗಳಿಗೆಯಿಂದ ಅನ್ನದ ಅರ್ಥವೇ ಬೇರೆಯಾಯಿತೆಂಬುದನ್ನು ನಾವು ಎಣಿಸಿದಂತಿಲ್ಲ. ಬಿಟ್ಟ ನಾಯಿಗೆ ಹಾಕಿದ ತುತ್ತು ದಾನ. ಕಟ್ಟಿದ ನಾಯಿಗೆ ಹಾಕಿದ ತುತ್ತು ಅದರ ಪ್ರಪಂಚದಲ್ಲಿರುವ ಸಮಸ್ತ ಆಹಾರ. ನಾವು ಮರೆತುದನ್ನು ಅದು ಬೇರೆಲ್ಲಿಯೂ ಹುಡುಕಲಾರದು. ಕಟ್ಟುವ ಮೊದಲು ಲೆಕ್ಕ ಮಾಡದಿದ್ದರೂ ನಡೆಯುತ್ತಿತ್ತು. ಕಟ್ಟಿದ ಮೇಲೆ ಲೆಕ್ಕ ಮಾಡುವುದು ಕರ್ತವ್ಯ.

ಆ ಲೆಕ್ಕವನ್ನು ಇಲ್ಲಿಯೇ ಒಮ್ಮೆ ಮಾಡಿನೋಡೋಣ. ಹತ್ತು ಕಿಲೋ ತೂಕದ ಬೆಳೆದ ನಾಯಿಗೆ ದಿನವೊಂದಕ್ಕೆ ಸುಮಾರು 650 ಕಿಲೋಕ್ಯಾಲೊರಿ ಶಕ್ತಿ ಬೇಕು. ಅರ್ಧ ಕಿಲೋ ಅನ್ನದಲ್ಲಿ ಅಷ್ಟು ಶಕ್ತಿಯು ಹೆಚ್ಚುಕಡಮೆ ದೊರೆಯುತ್ತದೆ. ನಾಯಿಯ ಹೊಟ್ಟೆ ತುಂಬಿ ಅದು ಸುಖವಾಗಿ ಮಲಗುತ್ತದೆ. ಆದರೆ ಆ ಅನ್ನದಲ್ಲಿರುವ ಪ್ರೋಟೀನು ಹದಿಮೂರು ಗ್ರಾಂ ಮಾತ್ರ. ಅಮೆರಿಕದ ಪಶುಆಹಾರ ನಿಯಂತ್ರಣಾಧಿಕಾರಿಗಳ ಸಂಘವು ಗೊತ್ತುಪಡಿಸಿದ ಕನಿಷ್ಠ ಪ್ರಮಾಣದಂತೆ ಅದಕ್ಕೆ ಇಪ್ಪತ್ತೊಂಬತ್ತು ಗ್ರಾಂ ಆದರೂ ಬೇಕು. ಕ್ಯಾಲ್ಸಿಯಂ ಸುಮಾರು 800 ಮಿಲಿಗ್ರಾಂ ಬೇಕಾದಲ್ಲಿ ಅನ್ನವು ಕೊಡುವುದು ಐವತ್ತರಷ್ಟು. ಸತುವು, ಜೀವಸತ್ವ ‘ಡಿ’ ಮುಂತಾದವುಗಳ ಕೊರತೆಯೂ ಇಂತಹದೇ. ಮನುಷ್ಯನಂತೆ ಬಿಸಿಲಿನಿಂದ ‘ಡಿ’ ಸತ್ವವನ್ನು ಸಾಕಷ್ಟು ಪಡೆಯುವ ಶಕ್ತಿಯು ನಾಯಿಗಿಲ್ಲ, ಅದು ಆಹಾರದಿಂದಲೇ ಬರಬೇಕು. ಹೀಗೆ ಹೊಟ್ಟೆ ತುಂಬಿದ ಮಾತ್ರಕ್ಕೆ ಊಟವಾಯಿತೆನ್ನಲಾಗದು. ಕೂದಲು ಉದುರಿದ, ಬೆನ್ನಮೂಳೆ ಎದ್ದ, ಆದರೂ ಹೊಟ್ಟೆ ಮಾತ್ರ ಉಬ್ಬಿದ ನಾಯಿಯನ್ನು ಕಂಡು “ಎಷ್ಟು ಹಾಕಿದರೂ ಮೈಗೆ ಹತ್ತುವುದಿಲ್ಲ” ಎನ್ನುವವರುಂಟು. ಅಂತಹ ಮೈಗೆ ಹುಳುಬಾಧೆ, ಉಣ್ಣಿ, ಬೇರೆ ರೋಗಗಳೂ ಕಾರಣವಾಗಿರಬಹುದು. ಆದರೆ ಹಾಕಿದುದು ಏನೆಂಬುದನ್ನೂ ಕೇಳಬೇಕಷ್ಟೆ.

ಎಂಜಲು ಎಂಬ ಶಬ್ದದ ಮೇಲೆ ಇಲ್ಲಿ ಒಂದೆರಡು ಮಾತು ಹೇಳದಿದ್ದರೆ ವಿಷಯವು ಅರ್ಧವಾಗುವುದು. ನಾಯಿಗೆ ಎಂಜಲನ್ನೇ ಹಾಕುವುದು ಸಂಪ್ರದಾಯವೆಂದು ಹೇಳುವವರು ಸಂಪ್ರದಾಯವನ್ನು ಪೂರ್ತಿಯಾಗಿ ನೋಡಿಲ್ಲ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ವೈಶ್ವದೇವವಾದ ಮೇಲೆ ನಾಯಿಗೂ ಕಾಗೆಗೂ ಹುಳುಗಳಿಗೂ ಅನ್ನವನ್ನು ನೆಲದ ಮೇಲೆ ಮೆಲ್ಲನೆ ಇಡಬೇಕೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ವಿಧಿಸುತ್ತದೆ. ಎಸೆಯಬೇಕೆಂದಲ್ಲ, ಮೆಲ್ಲನೆ ಇಡಬೇಕು. ಅದೂ ಮನೆಯವನು ಉಣ್ಣುವುದಕ್ಕೆ ಮೊದಲು. ಮಿಕ್ಕುದನ್ನು ಉಣ್ಣತಕ್ಕವನು ಗೃಹಸ್ಥನು! ಶಾಸ್ತ್ರದ ಕ್ರಮದಲ್ಲಿ ನಮ್ಮದೇ ಶೇಷಾನ್ನ. ಆದರೆ ಆ ಶ್ಲೋಕವನ್ನು ಅರ್ಧ ಮಾತ್ರ ಹೊಗಳಿ ಬಿಡುವುದು ಪ್ರಾಮಾಣಿಕತೆಯಾಗದು. ನಾಯಿ ಕಾಗೆಗಳ ಆ ಸಾಲಿನಲ್ಲಿಯೇ ಪತಿತರೆಂದೂ ಶ್ವಪಚರೆಂದೂ ಪಾಪರೋಗಿಗಳೆಂದೂ ಹೆಸರಿಸಿ ಮನುಷ್ಯರನ್ನೂ ಕೂಡಿಸಿದೆ. ಪ್ರಾಣಿಯನ್ನು ಮೇಲೆತ್ತಿದ ಕೈಯೇ ಮನುಷ್ಯನನ್ನು ಕೆಳಗಿಳಿಸಿತು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಇನ್ನು ಮೊಮ್ಮಗಳ ಪೊಟ್ಟಣ. ಅದನ್ನು ಪರೀಕ್ಷಿಸುವುದು ಹೇಗೆ? ನಾಯಿಗೆ ಓದು ಬಾರದು. ಆದುದರಿಂದ ಪೊಟ್ಟಣದ ಮೇಲಿನ ಬರಹವೂ ಚಿತ್ರವೂ ಅದನ್ನು ಕೊಳ್ಳುವವರಿಗಾಗಿ ಮಾಡಿದವು. ಕೆಂಪು ಕ್ಯಾರೆಟ್ಟಿನ ತುಂಡು, ಹಸುರು ಬಟಾಣಿ, ಇವುಗಳಿಂದ ತೃಪ್ತಿಯಾಗುವುದು ಯಜಮಾನನ ಕಣ್ಣಿಗೆ. ನಾಯಿಯು ಮೂಗಿನಿಂದ ಊಟವನ್ನಾರಿಸುವ ಜೀವ. “ಮನುಷ್ಯರು ತಿನ್ನುವ ದರ್ಜೆಯ ಪದಾರ್ಥ” ಎಂಬ ಹೊಗಳಿಕೆಯಿಂದ ಶುಚಿತ್ವದ ವಿಷಯ ಸ್ವಲ್ಪ ತಿಳಿಯಬಹುದು, ಅದು ನಾಯಿಗೆ ಸಾಲುವುದೋ ಎಂಬುದು ತಿಳಿಯದು. ಮನುಷ್ಯರು ತಿನ್ನುವ ದರ್ಜೆಯ ಅಕ್ಕಿಯನ್ನೇ ಅಲ್ಲವೆ ಅಜ್ಜಿಯೂ ಹಾಕುವುದು? ನೋಡತಕ್ಕುದು ಬೇರೆ ಒಂದು ವಾಕ್ಯವನ್ನು. ಇದು ಬೆಳೆಯುವ ಮರಿಗೋ ಬೆಳೆದ ನಾಯಿಗೋ ಪರಿಪೂರ್ಣಾಹಾರವೇ, ಅಥವಾ ಬೇರೆ ಊಟದ ಮೇಲೆ ಕೊಡುವ ಉಪಾಹಾರವೇ ಎಂಬುದನ್ನು ತಯಾರಿಸಿದವರು ಸ್ಪಷ್ಟವಾಗಿ ಹೇಳಿರಬೇಕು. ಹೇಳದಿದ್ದರೆ ಆ ಪೊಟ್ಟಣವೂ ಒಂದು ಬಗೆಯ ಎಂಜಲೇ, ಬೆಲೆ ಮಾತ್ರ ಹೆಚ್ಚು.

ಅಂಕೆಗಳಲ್ಲಿಯೂ ಒಂದು ಮಾಯೆಯುಂಟು. ಒಣಗುಳಿಗೆಯ ಚೀಲದಲ್ಲಿ ಪ್ರೋಟೀನು ನೂರಕ್ಕೆ 24 ಎಂದೂ ಫ್ರಿಜ್ಜಿನ ಪೊಟ್ಟಣದಲ್ಲಿ ನೂರಕ್ಕೆ 10 ಎಂದೂ ಇದ್ದರೆ ಮೊದಲನೆಯದೇ ಮೇಲೆಂದು ತೋರುತ್ತದೆ. ಆದರೆ ಒಣಗುಳಿಗೆಯಲ್ಲಿ ನೀರು ನೂರಕ್ಕೆ ಹತ್ತು, ಪೊಟ್ಟಣದಲ್ಲಿ ಎಪ್ಪತ್ತೈದು. ನೀರನ್ನು ಕಳೆದು ನೋಡಿದರೆ ಮೊದಲನೆಯದರಲ್ಲಿ ಪ್ರೋಟೀನು ನೂರಕ್ಕೆ ಸುಮಾರು 27, ಎರಡನೆಯದರಲ್ಲಿ 40. ಇದೇ ಲೆಕ್ಕದಲ್ಲಿ ಕೊಬ್ಬು ಕೂಡ ಏರುತ್ತದೆಂಬುದನ್ನು ಮರೆಯಬಾರದು. ದಿನವೆಲ್ಲ ಮಲಗಿರುವ ನಾಯಿಗೆ ಅದು ಹಿತವಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು “ಕೋಳಿಮಾಂಸ” ಎಂದಿರುವುದೂ ಅಂತಹದೇ. ಪಟ್ಟಿಯನ್ನು ತೂಕದ ಕ್ರಮದಲ್ಲಿ ಬರೆಯುವುದು ರೂಢಿ. ಹಸಿಮಾಂಸದ ತೂಕದಲ್ಲಿ ಮುಕ್ಕಾಲು ಪಾಲು ನೀರಾದುದರಿಂದ ಅದು ತಾನಾಗಿ ಮೊದಲಿನ ಸ್ಥಾನವನ್ನೇರುತ್ತದೆ. ನೀರು ಹೆಚ್ಚಿರುವುದರಿಂದ ಹತ್ತು ಕಿಲೋ ನಾಯಿಗೆ ಒಣಗುಳಿಗೆ ಇನ್ನೂರು ಗ್ರಾಂ ಸಾಲುವಲ್ಲಿ ಈ ಪೊಟ್ಟಣವು ಅರ್ಧ ಕಿಲೋ ಬೇಕಾಗುವುದು; ಅಷ್ಟು ನೀರನ್ನು ತಣ್ಣಗಿರಿಸಿ ಸಾಗಿಸಿದ ಕೂಲಿಯನ್ನೂ ನಾವೇ ತೆರುತ್ತೇವೆ.

ನಮ್ಮ ಊರಿನಲ್ಲಿ ಇನ್ನೊಂದು ವಿಶೇಷ ಸಂಗತಿಯುಂಟು. ಬೇಯಿಸಿದ ಮಾಂಸವನ್ನು ನಾಲ್ಕೈದು ಡಿಗ್ರಿಯ ತಂಪಿನಲ್ಲಿ ಇಟ್ಟರೆ ಮಾತ್ರ ಅದು ತಾಜಾ. ಆಷಾಢದಲ್ಲಿ ಸುಬ್ರಹ್ಮಣ್ಯದ ಕಡೆಯ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ವಿದ್ಯುತ್ತು ಹೋದರೆ ಬರುವುದು ಯಾವಾಗ? ಒಂದು ಹಗಲು, ಒಂದು ರಾತ್ರಿ ಕತ್ತಲಲ್ಲಿದ್ದ ಫ್ರಿಜ್ಜಿನೊಳಗಿನ ಪೊಟ್ಟಣಕ್ಕಿಂತ ಒಣಗುಳಿಗೆಯ ಚೀಲವೇ ವಾಸಿ. ಆಗ ಬೇಯಿಸಿದ ಬಿಸಿ ಅನ್ನವು ಎರಡಕ್ಕಿಂತಲೂ ವಾಸಿ. ಬೆಂಗಳೂರಿನ ತಾಜಾ ಕಡಬದ ಮಳೆಗಾಲದಲ್ಲಿ ಹಳಸಿದ ಅನ್ನವಾಗಲು ಎಷ್ಟು ಹೊತ್ತು!

ಕಾರ್ಖಾನೆಯ ಆಹಾರವು ನಾಯಿಗೆ ಹೊಸದು. ಜೇಮ್ಸ್ ಸ್ಪ್ರ್ಯಾಟ್ ಎಂಬ ಅಮೆರಿಕದವನು ಲಂಡನಿನಲ್ಲಿ 1860ರ ಸುಮಾರಿಗೆ ಮಾರತೊಡಗಿದ ನಾಯಿಬಿಸ್ಕತ್ತಿನಿಂದಲೇ ಈ ವ್ಯಾಪಾರವು ಮೊದಲಾಯಿತೆನ್ನುತ್ತಾರೆ. ಅಂದಿನಿಂದ ಜ್ಞಾನವು ಬೆಳೆದಿದೆ, ಮೋಸವೂ ಬೆಳೆದಿದೆ. 2007ರಲ್ಲಿ ಚೀನಾದಿಂದ ಬಂದ ಗೋಧಿಯ ಅಂಟಿನಲ್ಲಿ ಪ್ರೋಟೀನು ಹೆಚ್ಚಿದಂತೆ ತೋರಲೆಂದು ಮೆಲಮೈನ್ ಬೆರೆಸಿದ್ದು ಹೊರಬಿದ್ದು, ಅಮೆರಿಕದಲ್ಲಿ ಬಹಳ ಬ್ರಾಂಡುಗಳ ಆಹಾರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಎಷ್ಟೋ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಧಾನ್ಯವಿಲ್ಲದ ಆಹಾರವೇ ಶ್ರೇಷ್ಠವೆಂಬ ಹುಚ್ಚು ಮತ್ತೊಂದು. ಬಟಾಣಿ ಬೇಳೆಗಳನ್ನು ತುಂಬಿದ ಅಂತಹ ಆಹಾರಕ್ಕೂ ನಾಯಿಗಳ ಹೃದಯವು ಹಿಗ್ಗುವ ರೋಗಕ್ಕೂ ಸಂಬಂಧವಿದೆಯೇ ಎಂದು 2018ರಲ್ಲಿ ಅಲ್ಲಿಯ ಸರಕಾರವು ವಿಚಾರಣೆಗೆ ತೊಡಗಿತು. ಇದೇ ಕಾರಣವೆಂದು ಸ್ಥಾಪಿಸಲು ಆಧಾರ ಸಾಲದೆಂದು 2022ರಲ್ಲಿ ಹೇಳಿತು. ಹಾಗೆಂದು ಮನೆಯಡುಗೆಯೆಲ್ಲ ಅಮೃತವೆಂದು ಹಿಗ್ಗಬೇಕಾದುದಿಲ್ಲ. ಕ್ಯಾಲಿಫೋರ್ನಿಯದ ಪಶುವೈದ್ಯರು ಪುಸ್ತಕಗಳಿಂದಲೂ ಬೇರೆಡೆಯಿಂದಲೂ ಸಂಗ್ರಹಿಸಿದ ನಾಯಿಯ ಅಡುಗೆಯ 200 ಕ್ರಮಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ತೊಂಬತ್ತೈದರಲ್ಲಿ ಒಂದಲ್ಲ ಒಂದು ಅವಶ್ಯ ಸತ್ವವು ಕಡಮೆಯಿದ್ದಿತೆಂದು 2013ರಲ್ಲಿ ತಿಳಿಸಿದರು. ಪ್ರೀತಿಯಿಂದ ಬೇಯಿಸಿದ ಮಾತ್ರಕ್ಕೆ ಸತ್ವವು ಕೂಡುವುದಿಲ್ಲ.

ಪ್ರೀತಿಯ ಅಪಾಯಕ್ಕೆ ನಮ್ಮ ಪುತ್ತೂರಿನಲ್ಲಿಯೇ ನಿದರ್ಶನವಿದೆ. ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೋ ಬೆಳೆಯುತ್ತೇವೆ. ಕ್ಯಾಂಪ್ಕೋ ಸಂಸ್ಥೆಯು 1986ರಿಂದ ಇಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನು ನಡೆಸುತ್ತಿದೆ. ಮನೆಯ ಮಗುವಿಗೆ ಕೊಟ್ಟ ಚಾಕೊಲೇಟಿನ ತುಂಡೊಂದನ್ನು ನಾಯಿಗೂ ಕೊಡುವುದು ಸಮದೃಷ್ಟಿಯೆಂದು ತೋರಬಹುದು. ಆದರೆ ಕೊಕ್ಕೋವಿನಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತುವನ್ನು ನಾಯಿಯ ದೇಹವು ಬೇಗನೆ ಹೊರಹಾಕಲಾರದು. ಕಿಲೋ ತೂಕಕ್ಕೆ ಇಪ್ಪತ್ತು ಮಿಲಿಗ್ರಾಮಿನಷ್ಟಾದರೆ ವಾಂತಿ, ಚಡಪಡಿಕೆ; ಅರುವತ್ತರ ಸುಮಾರಿಗೆ ಸೆಳೆತ. ಸಣ್ಣ ನಾಯಿಗೆ ಅಂಗಳದಲ್ಲಿ ಒಣಹಾಕಿದ ಕೊಕ್ಕೋಬೀಜ ಒಂದು ಹಿಡಿ ಸಾಕು. ನೀರುಳ್ಳಿ ಬೆಳ್ಳುಳ್ಳಿಗಳು ಅದರ ರಕ್ತಕ್ಕೆ ಹಾನಿ, ದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ. ಪಾಯಸದ ಒಣದ್ರಾಕ್ಷಿಯೂ ದ್ರಾಕ್ಷಿಯೇ. ನಮ್ಮ ಹಬ್ಬದೂಟದ ಅರ್ಧಭಾಗವು ಅದಕ್ಕೆ ಸಲ್ಲದು. ಇನ್ನೊಂದು ಜೀವವನ್ನು ತನ್ನಂತೆಯೇ ಎಂದು ಬಗೆಯುವುದು ದೊಡ್ಡ ಗುಣವೆಂದು ನಾವು ಕಲಿತಿದ್ದೇವೆ. ಅದು ತನ್ನಂತೆ ಅಲ್ಲವೆಂದು ತಿಳಿದು ನಡೆಯುವುದು ಅದಕ್ಕಿಂತ ಕಷ್ಟ. ನಾಯಿಯ ಬಟ್ಟಲಿನ ವಿಷಯದಲ್ಲಿ ಅದೇ ಹೆಚ್ಚು ಉಪಕಾರಿ.

ಸಸ್ಯಾಹಾರಿಗಳ ಮನೆಯಲ್ಲಿ ಈ ತಿಳಿವು ಇನ್ನೊಂದು ಇಕ್ಕಟ್ಟನ್ನು ತರುತ್ತದೆ. ಹೊಸ್ತಿಲೊಳಗೆ ಮೊಟ್ಟೆಯನ್ನು ಬಿಡದ ಮನೆಗಳಲ್ಲಿ ಒಣಗುಳಿಗೆಯ ಚೀಲವನ್ನು ಉಗ್ರಾಣದಲ್ಲಿಯೇ ಇಟ್ಟಿರುವುದುಂಟು. ಅದರಲ್ಲಿರುವುದು ಬಹುಮಟ್ಟಿಗೆ ಕೋಳಿಯ ಪುಡಿ. ಗುಳಿಗೆಯು ಮಾಂಸದಂತೆ ಕಾಣುವುದಿಲ್ಲವಾದುದರಿಂದ ಮಡಿಗೆ ಭಂಗವಿಲ್ಲವೆಂದು ತೋರುತ್ತದೆ. ನಾನು ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ತಾನು ಮಾಂಸವನ್ನು ಬಿಟ್ಟಿರುವುದು ಒಬ್ಬನ ವ್ರತ. ಆ ವ್ರತವನ್ನು ಕಟ್ಟಿದ ನಾಯಿಯ ಮೇಲೆ ಹೊರಿಸುವುದು, ಅದರ ಉಪವಾಸದಿಂದ ತಾನು ಪುಣ್ಯವನ್ನು ಗಳಿಸಿದಂತೆ. ಇತ್ತ, ನಾಯಿಯ ಹೆಸರಿನಲ್ಲಿ ಕೋಳಿಯ ಕೊಲೆಗೆ ಹಣ ಕೊಡುವುದೂ ಅವನ ಮನಸ್ಸಾಕ್ಷಿಗೆ ಸಣ್ಣ ಸಂಗತಿಯಲ್ಲ. ಪಶುವೈದ್ಯರ ಸಲಹೆಯಂತೆ ಕೊರತೆಯ ಸತ್ವಗಳನ್ನು ಕೂಡಿಸಿದರೆ ನಾಯಿಯು ಮಾಂಸವಿಲ್ಲದೆಯೂ ಬಾಳಬಲ್ಲುದು, ಬೆಕ್ಕಿನಂತಲ್ಲ. ಮೊಸರು, ಹುರುಳಿ, ಹಿತ್ತಿಲಲ್ಲಿ ಬೇಯಿಸಿಕೊಟ್ಟ ಮೊಟ್ಟೆ, ಇಷ್ಟಕ್ಕೆ ಒಪ್ಪುವವರಿಗೆ ದಾರಿಯುಂಟು. ಅದಕ್ಕೂ ಒಪ್ಪದವರು ನಾಯಿಯನ್ನು ಕಟ್ಟದಿರುವುದೇ ಲೇಸೆಂದು ನನಗೆ ತೋರುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವೊಂದು ಉಳಿದಿದೆ. ಮನುಷ್ಯರಿಗೇ ಇಲ್ಲದುದನ್ನು ನಾಯಿಗೆ ಕೊಡುವುದು ಧರ್ಮವೇ? ಈ ಜಿಲ್ಲೆಯಲ್ಲಿ ಇದು ಬರಿಯ ವಾದದ ಮಾತಲ್ಲ. ಕೊರಗರಿಗೆ ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ತಿನ್ನಿಸುವ ಅಜಲು ಪದ್ಧತಿಯು ಇಲ್ಲಿದ್ದುದು; ಅದನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾನೂನನ್ನೇ ಮಾಡಬೇಕಾಯಿತು. ಎಲೆಯ ಮೇಲಿನ ಎಂಜಲು ಯಾರ ಪಾಲಿಗೆಂದು ನಮ್ಮ ಹಿರಿಯರ ಅಂಗಳದಲ್ಲಿ ಗೊತ್ತುಮಾಡಿದ್ದ ಕ್ರಮವನ್ನು ಕಂಡವರು ಇನ್ನೂ ಇದ್ದಾರೆ. ಅಂತಹ ಅಂಗಳದಲ್ಲಿ ನಿಂತು ನಾಯಿಗೆ ಫ್ರಿಜ್ಜಿನ ಪೊಟ್ಟಣವನ್ನು ಬಿಚ್ಚುವವನನ್ನು ಕಂಡು ತೋಟದ ಕೆಲಸಕ್ಕೆ ಬಂದವನು ಏನೆಂದುಕೊಳ್ಳುವನು? ಅವನ ನೋಟಕ್ಕೆ ನಾವು ಉತ್ತರ ಹೇಳಬೇಕಾದವರು. ನಾಯಿಗೆ ಕಡಮೆ ಹಾಕಿದರೆ ಆ ಅನ್ಯಾಯವು ತೀರುವುದಿಲ್ಲ. ಇಬ್ಬರೂ ಒಂದೇ ಬಟ್ಟಲಿಗೆ ಕಾದವರೆಂಬ ಎಣಿಕೆಯೇ ಹಳೆಯ ಪಂಕ್ತಿಯ ದೋಷ. ಆದರೆ ನಾಯಿಗೆ ಸಲ್ಲಬೇಕಾದುದಕ್ಕೂ ನಮ್ಮ ಮೆರೆದಾಟಕ್ಕೂ ನಡುವೆ ಗೆರೆಯನ್ನೆಳೆಯಲು ಆ ನೋಟವು ಸಹಾಯಕ. ಸಲ್ಲಬೇಕಾದುದರ ಬೆಲೆಯು ಅಷ್ಟೇನೂ ಹೆಚ್ಚಲ್ಲ. ಅರ್ಧ ಕಿಲೋ ಅನ್ನದಲ್ಲಿ ಕಾಲುಪಾಲು ಕಡಮೆಮಾಡಿ, ಬೇಯಿಸಿದ ಬೂತಾಯಿ ಮೀನು ನೂರು ಗ್ರಾಂ ಸೇರಿಸಿದರೆ ಪ್ರೋಟೀನು ಇಪ್ಪತ್ತು ಗ್ರಾಮಿನಷ್ಟು ಕೂಡುತ್ತದೆ. ಮೀನಿಲ್ಲದಲ್ಲಿ ಎರಡು ಮೊಟ್ಟೆ, ಒಂದು ಕುಡ್ತೆ ಮೊಸರು. ಮೊಟ್ಟೆಯ ಸಿಪ್ಪೆಯನ್ನು ಒಣಗಿಸಿ ನುಣ್ಣಗೆ ಅರೆದರೆ ಅರ್ಧ ಚಮಚದಲ್ಲಿ ದಿನದ ಕ್ಯಾಲ್ಸಿಯಂ ದೊರಕಿತು. ಉಪ್ಪಿನ ಒಣಮೀನು ಬೇಡ, ಬೇಯಿಸಿದ ಕೋಳಿಯ ಎಲುಬು ಸೀಳುವುದರಿಂದ ಅದೂ ಬೇಡ. ಉಳಿದ ಸಣ್ಣ ಸತ್ವಗಳಿಗೆ ಪಶುವೈದ್ಯರನ್ನು ಒಮ್ಮೆ ಕೇಳಬೇಕು. ಅಥವಾ ವಾರದಲ್ಲಿ ಕೆಲವು ಊಟಕ್ಕೆ ಪರಿಪೂರ್ಣವೆಂದು ಸ್ಪಷ್ಟವಾಗಿ ಬರೆದಿರುವ ಒಣಗುಳಿಗೆಯನ್ನು ಬಳಸಬಹುದು. ಫ್ರಿಜ್ಜಿನ ಪೊಟ್ಟಣವು ಹಲ್ಲು ಹೋದ ಮುದಿನಾಯಿಗೋ, ಒಣಗುಳಿಗೆಯನ್ನು ಮೂಸಿಯೂ ನೋಡದೆ ಸೊರಗುವ ರೋಗಿಗೋ ನಿಜವಾಗಿ ಉಪಯೋಗ. ಉಳಿದೆಡೆ ಅದು ಅನುಕೂಲವುಳ್ಳವರ ಸೌಕರ್ಯ.

ಈ ಲೆಕ್ಕವು ಮುಟ್ಟಬೇಕಾದವರಿಗೆ ಮುಟ್ಟುತ್ತದೆಯೇ ಎಂಬುದೇ ನನ್ನ ಸಂದೇಹ. ನಾಯಿಯು ಯಜಮಾನನದೆಂದು ಊರೆಲ್ಲ ಹೇಳುತ್ತದೆ. ಪೊಟ್ಟಣದ ಬರಹವನ್ನು ಓದಿ ವಾದಿಸುವವರೂ ಚಾವಡಿಯಲ್ಲಿ ಕುಳಿತವರೇ. ಬಟ್ಟಲಿಗೆ ಅನ್ನವನ್ನು ಹಾಕುವವರು ಮನೆಯ ಹೆಂಗಸರು, ಇಲ್ಲವೆ ಕೆಲಸದಾಕೆ. ಅದೂ ಎಲ್ಲರ ಊಟವಾಗಿ, ಪಾತ್ರೆ ತೊಳೆಯುವ ಮೊದಲು, ತಮ್ಮ ಊಟವಿನ್ನೂ ಆಗದಿರುವ ಹೊತ್ತಿನಲ್ಲಿ. ಗ್ರಾಂ ಮಿಲಿಗ್ರಾಂಗಳು ಅವರಿಗೆ ಬೇಕಿಲ್ಲ. ಗೆರಟೆಯಲ್ಲಿ ಅನ್ನವನ್ನು ಅಳೆದು ಹಾಕುವ ರೂಢಿಯಿರುವ ಮನೆಯಲ್ಲಿ ಇನ್ನು ಮೇಲೆ ನಾಲ್ಕು ಗೆರಟೆಯ ಬದಲು ಮೂರು ಸಾಕು, ನಾಲ್ಕನೆಯದು ಮೀನಿನದೋ ಮೊಟ್ಟೆಯದೋ ಆಗಲಿ ಎಂದು ಹೇಳಬೇಕು. ಹೇಳಿದವನು ಆ ಮೀನನ್ನು ಪೇಟೆಯಿಂದ ತಂದುಕೊಡಬೇಕು.